ಮಾರ್ಚ್ ಬಂದಾಗ ಟ್ರಸ್ಟಿನ ಹಣ ಉಳಿದುಬಿಡುತ್ತಿದ್ದರೆ
ಮಕ್ಕಳ ಓದಿಗೆ, ಶಾಲೆಗಳಿಗೆ ನೆರವು ಕೊಡುವ ಮಂಡ್ಯದ ನಿಮ್ಮ ಟ್ರಸ್ಟಿನಲ್ಲಿ ಪ್ರತಿ ಮಾರ್ಚ್‌ಗೂ ಹಣ ಉಳಿದು, ಗಡಿಬಿಡಿಯಲ್ಲಿ ಯಾರಿಗೋ ಕೊಡಬೇಕಾಗುತ್ತದೆ ಅಂದಿರಲ್ಲ, ಬಹುಶಃ ಅರ್ಜಿ ಬಂದ ಹಾಗೆ ಒಂದೊಂದೇ ನೋಡುವುದೇ ಕಾರಣ. ಏಪ್ರಿಲ್ ಸಭೆಯಲ್ಲೇ ಆದಾಯ ಅಂದಾಜು ಮಾಡಿ, ಮಕ್ಕಳ ಫೀಸಿಗೆ ಇಷ್ಟು, ಶಾಲೆ ರಿಪೇರಿಗೆ ಇಷ್ಟು, ತುರ್ತಿಗೆ ಇಷ್ಟು ಅಂತ ಬರೆದಿಟ್ಟುಬಿಡಿ. ಫೀಸಿನ ಅರ್ಜಿ ಮೇ ತಿಂಗಳಲ್ಲೇ ಮುಗಿಸಿ. ಶಾಲೆ ಶುರುವಾದ ಮೇಲೆ ಕೊಟ್ಟರೆ ಅಷ್ಟೊತ್ತಿಗೆ ಅಪ್ಪ ಅಮ್ಮ ಸಾಲ ಮಾಡಿರುತ್ತಾರೆ, ಅಲ್ವಾ? ಶಾಲೆಯ ಶೌಚಾಲಯದ ಕೆಲಸಕ್ಕೆ ಹಣ ಕೊಟ್ಟರೆ ಟ್ರಸ್ಟಿನ ಇಬ್ಬರು ಸದಸ್ಯರು ಹೋಗಿ, ನಲ್ಲಿ ತಿರುಗಿಸಿ ನೀರು ಬರುತ್ತಾ ನೋಡಲೇಬೇಕು. ಅರ್ಧ ಹಣ ಮೊದಲು, ಉಳಿದದ್ದು ಬಿಲ್ಲು ಬಂದ ಮೇಲೆ. ಅರ್ಜಿ ಹಾಕಿದವರು ಸದಸ್ಯರ ನೆಂಟರಾದರೆ ಆ ಸದಸ್ಯರು ಎದ್ದು ಹೊರಗೆ ಹೋಗಲಿ.

ತೆರಿಗೆ ವಿನಾಯಿತಿಗೆ ಆದಾಯದ 85% ಖರ್ಚಾಗಬೇಕು, ನಿಜ. ಆದರೆ ಯಾವ ಉದ್ದೇಶಕ್ಕೆ ಅಂತ ತೆರಿಗೆ ಇಲಾಖೆಗೆ ತಿಳಿಸಿ 5 ವರ್ಷದವರೆಗೆ ಕೂಡಿಡಲೂ ಅವಕಾಶವಿದೆ. ನಿಮ್ಮ ಟ್ರಸ್ಟ್ ಡೀಡ್ (ಟ್ರಸ್ಟಿನ ಉದ್ದೇಶ, ನಿಯಮ ಬರೆದ ಪತ್ರ) ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ, ಡಿಸೆಂಬರ್‌ನಲ್ಲೇ ಆಡಿಟರ್ ಹತ್ತಿರ ಕೇಳಿಬಿಡಿ.