ತ್ರೀಡಿ ಪ್ರಿಂಟ್ ಮಾಡಿದ ಟೈಟಾನಿಯಂ ಪಾರ್ಟ್‌ಗೆ ಮತ್ತೆ ಮಷಿನಿಂಗ್ (ಟೂಲ್‌ನಿಂದ ಕತ್ತರಿಸಿ ನಯ ಮಾಡುವುದು) ಯಾಕೆ ಬೇಕು?

ಪ್ರಿಂಟರ್‌ನಿಂದ ಬಂದ ಮೈ ತರಿತರಿಯಾಗಿರುತ್ತದೆ, ಅದಕ್ಕೇ. ಬೇರಿಂಗ್ ಕೂರುವ ತೂತು, ಸ್ಕ್ರೂ ಕೂರುವ ಥ್ರೆಡ್, ಇನ್ನೊಂದು ಪಾರ್ಟ್‌ಗೆ ತಾಗುವ ಮುಖ, ಇವಕ್ಕಂತೂ ಮಷಿನಿಂಗ್ ಬೇಕೇ ಬೇಕು.

ಲೇಸರ್ ಟೈಟಾನಿಯಂ ಪುಡಿಯನ್ನು ಪದರ ಪದರವಾಗಿ ಕರಗಿಸುತ್ತದೆ. ಒಂದು ಪದರ ಸಾಮಾನ್ಯವಾಗಿ 30ರಿಂದ 60 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ಅಂಚಿನ ಬಿಸಿಗೆ ಪಕ್ಕದ ಪುಡಿ ಅರ್ಧಂಬರ್ಧ ಕರಗಿ ರವೆಯ ಹಾಗೆ ಅಂಟಿಕೊಳ್ಳುತ್ತದೆ. ನಮ್ಮ ಪುಣೆಯ ಭೋಸರಿ ಶಾಪ್‌ಗಳಲ್ಲಿ ಅಂಥ ಪಾರ್ಟ್ ಸಿಕ್ಕರೆ ಉಗುರು ಎಳೆದು ನೋಡಿ, ಪರಪರ ಅನ್ನುತ್ತದೆ. ಪದೇ ಪದೇ ಲೋಡ್ ಬಿದ್ದರೆ ಆ ಸಣ್ಣ ತಗ್ಗುಗಳಿಂದಲೇ ಬಿರುಕು ಶುರು.

ಟೈಟಾನಿಯಂ ಬಿಸಿಯನ್ನು ಬೇಗ ಸಾಗಿಸುವುದಿಲ್ಲ. ಕತ್ತರಿಸುವಾಗ ಬಿಸಿಯೆಲ್ಲ ಟೂಲ್ ತುದಿಯಲ್ಲೇ ನಿಂತು ಟೂಲ್ ಬೇಗ ಸವೆಯುತ್ತದೆ. ಸುಮ್ನೆ ಸ್ಪೀಡ್ ಏರಿಸಬೇಡಿ, ಕೂಲಂಟ್ (ತಂಪು ಮಾಡುವ ದ್ರವ) ಜಾಸ್ತಿ ಬಿಡಿ. ಮೂಳೆಗೆ ಕೂರುವ ಇಂಪ್ಲಾಂಟ್‌ನಲ್ಲಿ ಮಾತ್ರ ತರಿಯನ್ನು ಬೇಕಂತಲೇ ಉಳಿಸುತ್ತಾರೆ, ಮೂಳೆ ಹಿಡಿದುಕೊಳ್ಳಲಿ ಅಂತ.