ಮದುವೆಯಾದ ಮಗಳಿಗೆ ಅನುಕಂಪದ ಕೆಲಸ ಸಿಗುತ್ತದಾ?

ಪ್ರಶ್ನೆ: ಅಪ್ಪ ರಾಜ್ಯ ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿದ್ದರು, ಎಂಟು ತಿಂಗಳ ಹಿಂದೆ ತೀರಿಕೊಂಡರು. ನನಗೆ ಮದುವೆಯಾಗಿದೆ, ಆದರೆ ಗಂಡ ಬಿಟ್ಟುಹೋದ ಮೇಲೆ ಅಪ್ಪನ ಮನೆಯಲ್ಲೇ ಇದ್ದೆ. ಅಮ್ಮ ಓದಿಲ್ಲ. ಅಪ್ಪ ತೀರಿಕೊಂಡರೆ ಮನೆಯವರಿಗೆ ಕೊಡುವ ಅನುಕಂಪದ ಕೆಲಸವನ್ನು ಮದುವೆಯಾದ ಮಗಳಿಗೆ ಕೊಡಲ್ಲ ಅಂತಾರೆ, ನಿಜವಾ?
– ಓದುಗರು, ಹರಿಹರ

ಉತ್ತರ: ನಿಜ ಅಲ್ಲಮ್ಮ, ಅದು ಹಳೇ ಮಾತು. ರಾಜ್ಯದ 1996ರ ಅನುಕಂಪದ ನೇಮಕಾತಿ ನಿಯಮದಲ್ಲಿ ಅವಿವಾಹಿತ ಮಗಳಿಗೆ ಮಾತ್ರ ಅಂತ ಇತ್ತು, 2020ರಲ್ಲಿ ಹೈಕೋರ್ಟ್ ಅದು ತಾರತಮ್ಯ ಅಂತ ರದ್ದು ಮಾಡಿತು, 2021ರಲ್ಲಿ ಸರ್ಕಾರ ನಿಯಮವನ್ನೇ ತಿದ್ದಿತು. ಮಗನಿಗೆ ಮದುವೆ ಅಡ್ಡಿ ಇಲ್ಲ, ಮಗಳಿಗೆ ಮಾತ್ರ ಯಾಕೆ, ಅಲ್ವಾ? ಈಗ ಮುಖ್ಯವಾಗಿ ನೋಡುವುದು ನೀವು ಅಪ್ಪನ ಜೊತೆಗಿದ್ದು ಅವರ ದುಡಿಮೆಯನ್ನೇ ನಂಬಿದ್ದಿರಾ ಎಂಬುದನ್ನು, ಹಾಗಾಗಿ ರೇಷನ್ ಕಾರ್ಡ್, ಆಧಾರ್ ವಿಳಾಸದಂಥ ದಾಖಲೆ ಜೋಡಿಸಿಕೊಳ್ಳಿ. ಮೊದಲ ಅವಕಾಶ ಅಮ್ಮನದು. ಅವರಿಗೆ ಅರ್ಹತೆ ಇಲ್ಲದಿದ್ದರೆ ಯಾವ ಮಗುವಿಗೆ ಕೊಡಬೇಕು ಅಂತ ಅವರೇ ಹೇಳಬೇಕು, ಅದನ್ನು ಬರೆಸಿಕೊಳ್ಳಿ. ಇದು ಆಸ್ತಿಯ ಹಾಗೆ ಬರುವ ಹಕ್ಕಲ್ಲ, ಮನೆಯ ಕಷ್ಟಕ್ಕೆ ಕೊಡುವ ಆಸರೆ ಅಂತ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ, ಆದ್ದರಿಂದ ಮನೆಯ ಪರಿಸ್ಥಿತಿಯನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಸಿಗುವುದು ಸಿ ಅಥವಾ ಡಿ ಗುಂಪಿನ ಹುದ್ದೆ (ಗುಮಾಸ್ತ, ಜವಾನರಂಥ ಕೆಲಸ), ನಿಮ್ಮ ಓದಿನ ಮೇಲೆ. ಅರ್ಜಿ ಹಾಕಲು ಸಾವಿನ ದಿನದಿಂದ ಒಂದೇ ವರ್ಷ, ಸುಮ್ನೆ ಕಾಯಬೇಡಿ. ಈ ವಾರವೇ ಅಪ್ಪನ ಕಚೇರಿ ಮುಖ್ಯಸ್ಥರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.