ಅಂಚು ಸುಡುತ್ತಿದೆ, ಹೊಸ ಬಿಟ್ ಸೆಟ್ ತಗೊಳ್ಳಲೇ?

ಪ್ರಶ್ನೆ: ಮರಗೆಲಸ ನನ್ನ ಹವ್ಯಾಸ. ಕಾಲು ಇಂಚಿನ ಕೋಲೆಟ್ (ಬಿಟ್ ಹಿಡಿಯುವ ಬಾಯಿ) ಇರುವ ಚಿಕ್ಕ ರೌಟರ್ ಇದೆ, ಬಿಟ್ ಎಂಬ ಅಲಗನ್ನು ತಿರುಗಿಸಿ ಮರ ಕೆತ್ತುವ ಯಂತ್ರ. ಅದರ ಜೊತೆ ಬಂದ ರೌಂಡ್ ಓವರ್ ಬಿಟ್‌ನಿಂದ ಹಲಗೆಯ ಅಂಚು ಗುಂಡಗೆ ಮಾಡಿದರೆ ಕಪ್ಪಗೆ ಸುಟ್ಟ ಗುರುತು ಬೀಳುತ್ತದೆ. 50 ಬಿಟ್‌ಗಳ ಸೆಟ್ ತಗೊಂಡರೆ ಸರಿಹೋಗುತ್ತಾ? ಬಿಟ್ ಆರಿಸುವಾಗ ಏನು ನೋಡಬೇಕು?

ಉತ್ತರ: ಸೆಟ್ ಸದ್ಯಕ್ಕೆ ಬೇಡ. ಮೊದಲು ಗುರುತು ಎಲ್ಲಿ ಬಿದ್ದಿದೆ ನೋಡಿ. ಮೂಲೆಯಲ್ಲಿ, ಇಲ್ಲವೇ ನೀವು ಕೈ ಬದಲಿಸಲು ನಿಂತ ಕಡೆ ಮಾತ್ರ ಇದ್ದರೆ ತಪ್ಪು ಬಿಟ್‌ನದ್ದಲ್ಲ. ನಿಂತಲ್ಲೇ ತಿರುಗುವ ಬಿಟ್ ಮರವನ್ನು ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ. ಆ ಬಿಸಿಗೇ ಮರ ಕಪ್ಪಾಗುವುದು.

ಅಂಚಿನುದ್ದಕ್ಕೂ ಕಪ್ಪಾಗಿದ್ದರೆ ಪ್ಲಗ್ ಕಿತ್ತು, ಬಿಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅಲಗಿನ ಹಿಂದೆ ಕಂದು ಪದರ ಕೂತಿದೆಯಾ? ಅದು ಮರದ ರಾಳ. ಬಿಟ್ ತುದಿಯಲ್ಲಿ ಉರುಳುವ ಬೇರಿಂಗ್ ತೆಗೆದಿಟ್ಟು, ರಾಳ ಬಿಡಿಸುವ ದ್ರವದಲ್ಲಿ ಬಿಟ್ ನೆನೆಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಬೇರಿಂಗನ್ನು ನೆನೆಸಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಪದರ ಹೋದ ಮೇಲೂ ಅಲಗಿನ ತುದಿಯಲ್ಲಿ ಬಿಳಿ ಗೆರೆ ಹೊಳೆದರೆ ಅದು ಮೊಂಡಾಗಿದೆ. ಹರಿತವಾದ ತುದಿ ಬೆಳಕಿಗೆ ಹೊಳೆಯುವುದಿಲ್ಲ.

ಇನ್ನು ಹೊಸದು ಆರಿಸುವ ಮಾತು. ಮೊದಲು ನೋಡಬೇಕಾದ್ದು ಶ್ಯಾಂಕ್, ಅಂದರೆ ಕೋಲೆಟ್ ಒಳಗೆ ಕೂರುವ ಕಡ್ಡಿ. ಕಾಲು ಇಂಚು ಅಂದರೆ 6.35 ಮಿ.ಮೀ. 6 ಮಿ.ಮೀ. ಶ್ಯಾಂಕ್ ಕೂಡ ಅದರೊಳಗೆ ಹೋಗುತ್ತದೆ, ಬಿಗಿಸಿದಾಗ ಕೂತಂತೆಯೂ ಅನಿಸುತ್ತದೆ. ನಂಬಬೇಡಿ. ಕೋಲೆಟ್ ಸುತ್ತಲೂ ಸಮನಾಗಿ ಹಿಡಿಯದೆ, ಕೆಲಸದ ನಡುವೆ ಬಿಟ್ ಜಾರಿ ಬರಬಹುದು. ಮುಂದೆ ಕಾಲು, ಅರ್ಧ ಇಂಚು ಎರಡೂ ಕೋಲೆಟ್ ಇರುವ ರೌಟರ್ ತಗೊಂಡರೆ ಅರ್ಧ ಇಂಚಿನ ಶ್ಯಾಂಕೇ ಮೇಲು. ಅದು ನಡುಗುವುದು ಕಡಿಮೆ, ಅಂಚೂ ನುಣುಪಾಗಿ ಬರುತ್ತದೆ.

ಅಲಗು ಸ್ಟೀಲಿಗಿಂತ ಗಟ್ಟಿಯಾದ ಕಾರ್ಬೈಡ್‌ದೇ ಇರಲಿ. ಬರೀ ಸ್ಟೀಲಿನ ಬಿಟ್ ಹೊಸದರಲ್ಲಿ ಚೆನ್ನಾಗಿಯೇ ಕತ್ತರಿಸುತ್ತದೆ, ಆದರೆ ಪ್ಲೈವುಡ್, ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್‌ನಲ್ಲಿರುವ ಅಂಟು ಅದನ್ನು ಬೇಗ ಮೊಂಡು ಮಾಡುತ್ತದೆ.

ಶುರುವಿಗೆ ನಾಲ್ಕು ಬಿಟ್ ಸಾಕು: ಗ್ರೂವ್ (ಉದ್ದನೆಯ ತೋಡು) ತೆಗೆಯಲು ಸ್ಟ್ರೇಟ್, ಮಾದರಿಗೆ ತಕ್ಕಂತೆ ಅಂಚು ಸವರಲು ಬೇರಿಂಗ್ ಇರುವ ಫ್ಲಶ್ ಟ್ರಿಮ್, ಒಂದು ರೌಂಡ್ ಓವರ್, ಅಂಚನ್ನು ಓರೆಯಾಗಿ ಕತ್ತರಿಸಲು ಒಂದು ಚಾಂಫರ್. ದೊಡ್ಡ ಸೆಟ್‌ನಲ್ಲಿ ಇವೇ ಮತ್ತೆಮತ್ತೆ ಬಳಕೆಯಾಗುತ್ತವೆ, ಉಳಿದವು ಪೆಟ್ಟಿಗೆಯಲ್ಲೇ ಇರುತ್ತವೆ. ಆ ದುಡ್ಡಿಗೆ ನಾಲ್ಕು ಒಳ್ಳೆಯವೇ ಬರುತ್ತವಲ್ವಾ?

ಅಗಲ ಜಾಸ್ತಿಯಾದಷ್ಟೂ ವೇಗ ಇಳಿಸಬೇಕು. 1 ಇಂಚಿನ ಬಿಟ್ ನಿಮಿಷಕ್ಕೆ 24,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 115 ಕಿ.ಮೀ. ವೇಗದಲ್ಲಿ ಓಡುತ್ತದೆ. ಅಷ್ಟೇ ಸುತ್ತು ತಿರುಗಿದರೆ ಎರಡೂವರೆ ಇಂಚಿನದ್ದು 285 ಕಿ.ಮೀ. ದಾಟುತ್ತದೆ. ಬಿಟ್ ಮೇಲೆ ಬರೆದಿರುವ ಗರಿಷ್ಠ ವೇಗವನ್ನು ಓದದೆ ಸ್ವಿಚ್ ಒತ್ತಬೇಡಿ.

ಬಿಟ್ ಹಾಕುವಾಗ ತಳ ಮುಟ್ಟಿಸಿ, ಆಮೇಲೆ 2–3 ಮಿ.ಮೀ. ಮೇಲೆಳೆದು ಬಿಗಿಸಿ. ತಳಕ್ಕೆ ತಾಗಿಕೊಂಡಿದ್ದರೆ ಕೋಲೆಟ್ ಸರಿಯಾಗಿ ಹಿಡಿಯದೇ ಹೋಗಬಹುದು. ಹಲಗೆಯ ಹೊರ ಅಂಚಿಗೆ ಎದುರಾಗಿ ನಿಂತು, ರೌಟರನ್ನು ಎಡದಿಂದ ಬಲಕ್ಕೆ ಸರಿಸಿ. ನಾರು ಅಡ್ಡಲಾಗಿ ಕತ್ತರಿಸಿರುವ ಬದಿಯನ್ನು ಮೊದಲು ಮುಗಿಸಿ. ಮೂಲೆಯಲ್ಲಿ ಚೂರು ಹಾರಿದರೂ ಉದ್ದದ ಬದಿ ಮಾಡುವಾಗ ಅದು ಸವೆದು ಹೋಗುತ್ತದೆ. ಮೊದಲ ಸುತ್ತಿಗೆ ಬಿಟ್ಟನ್ನು ಪೂರ್ತಿ ಇಳಿಸಬೇಡಿ. ಕೊನೆಯ ಸುತ್ತಿಗೆ ಅರ್ಧ ಮಿ.ಮೀ.ನಷ್ಟೇ ಉಳಿಸಿಕೊಂಡು, ಎಲ್ಲೂ ನಿಲ್ಲದೆ ಒಂದೇ ಓಟದಲ್ಲಿ ಎಳೆಯಿರಿ. ಮೊದಲ ಸುತ್ತಿನಲ್ಲಿ ಬಿದ್ದ ಕಪ್ಪು ತೆಳುವಾಗಿದ್ದರೆ ಇದರಲ್ಲೇ ಹೊರಟುಹೋಗುತ್ತದೆ.